ಪಾಠ ಮಾಡಿದ್ದಕ್ಕೆ ಎಷ್ಟು ಮಾರ್ಕ್ಸ್?



ಇವತ್ತು ಸೆಪ್ಟೆಂಬರ್ 5, ಶಿಕ್ಷಕರ ದಿನಾಚರಣೆ. ಬೆಳಗ್ಗೆಯಿಂದ ಎಲ್ಲ ಚಾನೆಲ್‌ಗಳಲ್ಲೂ ನೀವು ಹಾರ, ಶಾಲು, ಹಣ್ಣಿನ ಬುಟ್ಟಿ ನೋಡಿರ್ತೀರಿ. ನಮ್ಮ ಚಾನೆಲ್ಲೂ ಅದಕ್ಕೆ ಹೊರತಲ್ಲ. ಮಂತ್ರಿಗಳು ಗುರುವೇ ದೇವರು ಅಂದಿದ್ದಾರೆ. ಕುಲಪತಿಗಳು ಶಿಕ್ಷಕರೇ ರಾಷ್ಟ್ರ ನಿರ್ಮಾಪಕರು ಅಂದಿದ್ದಾರೆ. ಎಲ್ಲ ಸರಿ. ನಾನು ಇವತ್ತು ಒಂದೇ ಒಂದು ಸಣ್ಣ ಪ್ರಶ್ನೆ ಕೇಳ್ತೀನಿ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಒಬ್ಬರು ಮೇಷ್ಟ್ರು ಚೆನ್ನಾಗಿ ಪಾಠ ಮಾಡಿದರೆ, ಆ ಪಾಠಕ್ಕೆ ಎಷ್ಟು ಮಾರ್ಕ್ಸ್ ಸಿಗುತ್ತೆ?

ಈ ಪ್ರಶ್ನೆ ನನ್ನ ತಲೆಗೆ ಸುಮ್ಮನೆ ಬಂದದ್ದಲ್ಲ. ಕಳೆದ ತಿಂಗಳು ನನ್ನ ಎಂ.ಎ. ಮೇಷ್ಟ್ರ ಬೀಳ್ಕೊಡುಗೆ ಸಮಾರಂಭಕ್ಕೆ ಹೋಗಿದ್ದೆ. ಅವರ ಹೆಸರು ಹೇಳಲ್ಲ, ಹೇಳಿದರೆ ಬೈತಾರೆ. ಆ ವಿಶ್ವವಿದ್ಯಾಲಯದ ಹೆಸರೂ ಬೇಡ, ಯಾಕಂದ್ರೆ ಇದು ಒಂದು ವಿಶ್ವವಿದ್ಯಾಲಯದ ಕಥೆ ಅಲ್ಲ.

ಅವರು ನಮಗೆ ಇತಿಹಾಸ ಹೇಳಿಕೊಡ್ತಾ ಇದ್ದರು. ಒಂದು ಶನಿವಾರ ನಮ್ಮ ಇಡೀ ಕ್ಲಾಸನ್ನು ಸರ್ಕಾರಿ ಬಸ್ಸಿಗೆ ಹತ್ತಿಸಿಕೊಂಡು ಒಂದು ಹಳ್ಳಿಗೆ ಕರೆದುಕೊಂಡು ಹೋದರು. ಅಲ್ಲಿ ಕೆರೆ ಏರಿ ಪಕ್ಕ ಒಂದು ವೀರಗಲ್ಲು. ಅದರ ಮೇಲೆ ಯಾರೋ ಬಟ್ಟೆ ಒಣಗಿಹಾಕಿದ್ದರು. ಮೇಷ್ಟ್ರು ಆ ಮನೆಯವರನ್ನು ಕೇಳಿ ಬಟ್ಟೆ ತೆಗೆಸಿದರು, ಅಕ್ಷರದ ಮೇಲೆ ಸೀಮೆಸುಣ್ಣದ ಪುಡಿ ಸವರಿದರು, ಆಮೇಲೆ ನಮ್ಮ ಕಡೆ ತಿರುಗಿ ಮೂರು ಪ್ರಶ್ನೆ ಕೇಳಿದರು. ಸತ್ತವನು ಯಾರು? ಯಾಕೆ ಸತ್ತ? ಈ ಕಲ್ಲು ಬರೆಸಿದವರು ಯಾರು? ಮೂರಕ್ಕೂ ಉತ್ತರ ಹೇಳದೆ ವಾಪಸ್ ಬಸ್ ಹತ್ತೋ ಹಾಗಿಲ್ಲ ಅಂದರು. ಸಾಯಂಕಾಲ ಐದೂವರೆವರೆಗೆ ಬಿಸಿಲಲ್ಲಿ ಕೂತು ಓದಿದೆವು.

ನಾನು ಇವತ್ತಿಗೂ ಪ್ರತಿದಿನ ನ್ಯೂಸ್‌ರೂಮಿನಲ್ಲಿ ಕೇಳೋದು ಅದೇ ಮೂರು ಪ್ರಶ್ನೆ. ಒಂದು ಸುದ್ದಿ ಬಂತು. ಯಾರಿಗೆ ಏನಾಯ್ತು? ಯಾಕಾಯ್ತು? ಈ ಸುದ್ದಿ ನಮಗೆ ಬರೋ ಹಾಗೆ ಮಾಡಿದವರು ಯಾರು? ಕೊನೆಯ ಪ್ರಶ್ನೆ ಇದೆಯಲ್ಲ, ಅದು ಎಷ್ಟೋ ಸಲ ನನ್ನನ್ನು ತಪ್ಪು ಸುದ್ದಿ ಓದೋದರಿಂದ ಉಳಿಸಿದೆ. ಅದನ್ನು ನನಗೆ ಕಲಿಸಿದ್ದು ಪತ್ರಿಕೋದ್ಯಮದ ಪುಸ್ತಕ ಅಲ್ಲ. ಕೆರೆ ಏರಿ ಮೇಲಿನ ಆ ಪಾಠ.

ಬೀಳ್ಕೊಡುಗೆ ದಿನ ಸಭಾಂಗಣ ತುಂಬಿ ಹೋಗಿತ್ತು. ತಹಶೀಲ್ದಾರ್ ಒಬ್ಬರು ಬಂದಿದ್ದರು. ಇಬ್ಬರು ಇನ್‌ಸ್ಪೆಕ್ಟರ್‌ಗಳು, ಹತ್ತಾರು ಹೈಸ್ಕೂಲ್ ಮೇಷ್ಟ್ರುಗಳು, ವಕೀಲರು, ದಾಳಿಂಬೆ ಬೆಳೆಯೋ ರೈತರೊಬ್ಬರು. ಎಲ್ಲರೂ ಅವರ ಹಳೇ ವಿದ್ಯಾರ್ಥಿಗಳು. ವೇದಿಕೆ ಹಿಂದಿನ ಬ್ಯಾನರ್ ಮೇಲೆ ಅವರ ಹೆಸರು, ಕೆಳಗೆ ಹುದ್ದೆ: ಸಹ ಪ್ರಾಧ್ಯಾಪಕರು. ಅಂದರೆ ಅಸೋಸಿಯೇಟ್ ಪ್ರೊಫೆಸರ್. ನನಗೆ ಆಶ್ಚರ್ಯ ಆಯ್ತು. ಮೂವತ್ತು ವರ್ಷಕ್ಕೂ ಮೇಲೆ ಪಾಠ ಮಾಡಿದ ಮನುಷ್ಯ ಪ್ರೊಫೆಸರ್ ಆಗದೇ ನಿವೃತ್ತಿ ಆಗ್ತಾ ಇದ್ದಾರೆ. ಊಟದ ಹೊತ್ತಿಗೆ ಪಕ್ಕದಲ್ಲಿ ಕೂತು ಕೇಳಿದೆ, ಯಾಕೆ ಸಾರ್ ಅಂತ.

"ಸ್ಕೋರ್ ಸಾಲಲಿಲ್ಲ ಕಣಯ್ಯ" ಅಂದರು.

ಎರಡು ಸಲ ಅರ್ಜಿ ಹಾಕಿದ್ದರಂತೆ. ಏನು ಕೇಳಿದರು ಸಾರ್ ಅಂದೆ. "ಎಷ್ಟು ಪೇಪರ್ ಅಂದ್ರು, ಹೇಳಿದೆ. ಎಷ್ಟು ಪ್ರಾಜೆಕ್ಟ್ ಅಂದ್ರು, ಹೇಳಿದೆ. ಆಯ್ತು, ಹೊರಡಿ ಅಂದ್ರು." ಪಾಠದ ಬಗ್ಗೆ ಏನೂ ಕೇಳಲಿಲ್ವಾ ಅಂದೆ. ಮೇಷ್ಟ್ರು ಹಪ್ಪಳ ಮುರೀತಾ ನಕ್ಕರು. "ಅದಕ್ಕೆ ಕಾಲಂ ಇರಲಿಲ್ಲ."

ಆ ಮಾತು ನನಗೆ ನುಂಗಲಾಗಲಿಲ್ಲ. ಮೇಷ್ಟ್ರು ಬೇಜಾರಲ್ಲಿ ಹೇಳಿದ್ದಿರಬಹುದು ಅಂದುಕೊಂಡೆ. ಬೆಂಗಳೂರಿಗೆ ಬಂದವನೇ ಯುಜಿಸಿ ನಿಯಮಾವಳಿಗಳನ್ನು ಹಾಕಿಕೊಂಡು ಕೂತೆ. ಓದಿದ್ದನ್ನು ನಿಮ್ಮ ಮುಂದೆ ಇಡ್ತೀನಿ. ಸ್ವಲ್ಪ ತಾಳ್ಮೆಯಿಂದ ಕೇಳಿ, ಯಾಕಂದ್ರೆ ಇದು ನಿಮ್ಮ ಮಕ್ಕಳ ಕ್ಲಾಸ್‌ರೂಮಿನ ವಿಷಯ.

2010ರಲ್ಲಿ ಯುಜಿಸಿ ಒಂದು ಹೊಸ ಅಳತೆಗೋಲು ತಂತು. ಅದರ ಹೆಸರು ಎಪಿಐ. ಮೇಷ್ಟ್ರ ಕೆಲಸವನ್ನು ಮೂರು ವಿಭಾಗ ಮಾಡಿದರು. ಮೊದಲನೆಯದು ಬೋಧನೆ. ಎರಡನೆಯದು ಪಠ್ಯೇತರ ಚಟುವಟಿಕೆ ಮತ್ತು ಆಡಳಿತದ ಕೆಲಸ. ಮೂರನೆಯದು ಸಂಶೋಧನೆ. ನೋಡೋಕೆ ಚೆನ್ನಾಗಿದೆ ಅಲ್ವಾ? ಆದರೆ ವಿಶ್ವವಿದ್ಯಾಲಯದಲ್ಲಿ ನೇರ ನೇಮಕಾತಿಯಲ್ಲಿ ಪ್ರೊಫೆಸರ್ ಆಗಬೇಕು ಅಂದರೆ 400 ಅಂಕ ಬೇಕಿತ್ತು. ಆ 400 ಅಂಕ ಎಲ್ಲಿಂದ ಬರಬೇಕು? ಮೂರನೇ ವಿಭಾಗದಿಂದ. ಬೋಧನೆಯ ಅಂಕ ಅಲ್ಲಿ ಲೆಕ್ಕಕ್ಕೇ ಇಲ್ಲ.

2018ರಲ್ಲಿ ಆ ನಿಯಮ ಹೋಯ್ತು, ಹೊಸದು ಬಂತು. ಹೊಸ ನಿಯಮದ ಪ್ರಕಾರ ವಿಶ್ವವಿದ್ಯಾಲಯದ ಪ್ರೊಫೆಸರ್ ಆಗೋಕೆ ಪಿಎಚ್‌ಡಿ ಬೇಕು, ಹತ್ತು ವರ್ಷದ ಅನುಭವ ಬೇಕು, ಕನಿಷ್ಠ 10 ಸಂಶೋಧನಾ ಲೇಖನ ಬೇಕು, ಜೊತೆಗೆ 120 ರಿಸರ್ಚ್ ಸ್ಕೋರ್ ಬೇಕು. ಅಸೋಸಿಯೇಟ್ ಪ್ರೊಫೆಸರ್‌ಗೆ 7 ಲೇಖನ, 75 ಸ್ಕೋರ್. ಸ್ಕೋರ್ ಹೇಗೆ ಬರುತ್ತೆ? ಒಂದು ಲೇಖನಕ್ಕೆ ವಿಜ್ಞಾನದವರಿಗೆ 8, ಭಾಷೆ ಮತ್ತು ಸಮಾಜ ವಿಜ್ಞಾನದವರಿಗೆ 10. ಪುಸ್ತಕಕ್ಕೆ ಇಷ್ಟು, ಪ್ರಾಜೆಕ್ಟ್‌ಗೆ ಇಷ್ಟು. ತರಕಾರಿ ಅಂಗಡಿ ಬೋರ್ಡ್ ಥರ ಪಟ್ಟಿ ಇದೆ.

ಹಾಗಾದರೆ ಬೋಧನೆಗೆ ಏನೂ ಇಲ್ವಾ? ಇದೆ. ಈಗಾಗಲೇ ಕೆಲಸದಲ್ಲಿರುವವರ ಬಡ್ತಿಗೆ ಬೋಧನೆ ನೋಡ್ತಾರೆ. ಹೇಗೆ ನೋಡ್ತಾರೆ ಗೊತ್ತಾ? ನಿಮಗೆ ವಹಿಸಿದ್ದು ಎಷ್ಟು ಕ್ಲಾಸು, ನೀವು ತೆಗೆದುಕೊಂಡದ್ದು ಎಷ್ಟು ಕ್ಲಾಸು, ಭಾಗಿಸಿ, ನೂರರಿಂದ ಗುಣಿಸಿ. ಶೇಕಡಾ 80 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಉತ್ತಮ. 70ರಿಂದ 80ರೊಳಗೆ ಇದ್ದರೆ ತೃಪ್ತಿಕರ. 70ಕ್ಕಿಂತ ಕಡಿಮೆ ಆದರೆ ತೃಪ್ತಿಕರವಲ್ಲ. ಮುಗೀತು.

ಇದಕ್ಕೆ ನಮ್ಮ ಹುಡುಗರ ಭಾಷೆಯಲ್ಲಿ ಒಂದು ಹೆಸರಿದೆ: ಅಟೆಂಡೆನ್ಸ್!

ಹಳದಿ ತಿರುಗಿದ ಇಪ್ಪತ್ತು ವರ್ಷದ ನೋಟ್ಸನ್ನು ತಲೆ ಎತ್ತದೆ ಓದಿ ಹೇಳಿ ಬರೆಸಿದ ಮೇಷ್ಟ್ರು 80 ಪರ್ಸೆಂಟ್ ಕ್ಲಾಸ್ ಮುಗಿಸಿದರೆ ಉತ್ತಮ. ಬಿಸಿಲಲ್ಲಿ ಮಕ್ಕಳನ್ನು ಕೂರಿಸಿ ವೀರಗಲ್ಲು ಓದಿಸಿದ ಮೇಷ್ಟ್ರು 80 ಪರ್ಸೆಂಟ್ ಮುಗಿಸಿದರೆ ಅವರೂ ಉತ್ತಮ. ಇಬ್ಬರಿಗೂ ಒಂದೇ ಷರಾ. ಕ್ಲಾಸಿನ ಬಾಗಿಲವರೆಗೂ ಬಂದು ರಿಜಿಸ್ಟರ್ ನೋಡಿ ಹೋಗ್ತಾರೆ. ಒಳಗೆ ಏನು ನಡೀತು ಅಂತ ಕೇಳೋರು ಯಾರೂ ಇಲ್ಲ. ಮೇಷ್ಟ್ರು ಹೇಳಿದ್ದು ಸುಳ್ಳಲ್ಲ, ವೀಕ್ಷಕರೇ. ಹಾಜರಿಗೆ ಕಾಲಂ ಇದೆ. ಪಾಠಕ್ಕೆ ಕಾಲಂ ಇಲ್ಲ.

ಕೆಲಸಕ್ಕೆ ಸೇರುವಾಗಿನ ಕಥೆಯೂ ಬೇರೆ ಅಲ್ಲ. ವಿಶ್ವವಿದ್ಯಾಲಯದ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಸಂದರ್ಶನಕ್ಕೆ ಕರೆಯೋಕೆ ಅದೇ 2018ರ ನಿಯಮದಲ್ಲಿ ಒಂದು ಅಂಕಪಟ್ಟಿ ಇದೆ. ಪಿಎಚ್‌ಡಿಗೆ 30 ಅಂಕ. ಬೋಧನೆಯ ಅಥವಾ ಪಿಎಚ್‌ಡಿ ನಂತರದ ಸಂಶೋಧನೆಯ ಅನುಭವಕ್ಕೆ ಎರಡೂ ಸೇರಿ ಗರಿಷ್ಠ 10, ವರ್ಷಕ್ಕೆ 2ರಂತೆ. ಇಲ್ಲೂ ಲೆಕ್ಕ ವರ್ಷದ್ದೇ. ಐದು ವರ್ಷ ಹೇಗೆ ಪಾಠ ಮಾಡಿದಿರಿ ಅನ್ನೋದು ಯಾರಿಗೂ ಬೇಡ.

ಸರ್ಕಾರದ ರ‍್ಯಾಂಕಿಂಗ್ ನೋಡೋಣ. ಎನ್‌ಐಆರ್‌ಎಫ್ ಅಂತ ಪ್ರತಿವರ್ಷ ಪಟ್ಟಿ ಬರುತ್ತೆ, 2016ರಿಂದ. ನಾವೂ ಬ್ರೇಕಿಂಗ್ ನ್ಯೂಸ್ ಹಾಕ್ತೀವಿ, ಕರ್ನಾಟಕದ ಸಂಸ್ಥೆಗೆ ಇಷ್ಟನೇ ಸ್ಥಾನ ಅಂತ. ಅದರಲ್ಲಿ ವಿಶ್ವವಿದ್ಯಾಲಯಗಳಿಗೆ ಬೋಧನೆ, ಕಲಿಕೆ ಮತ್ತು ಸಂಪನ್ಮೂಲಕ್ಕೆ 30, ಸಂಶೋಧನೆಗೆ 30. ಅಬ್ಬಾ, ಇಲ್ಲಾದರೂ ಸಮ ಇದೆಯಲ್ಲ ಅಂತ ನನಗೂ ಖುಷಿ ಆಯ್ತು. ಆಮೇಲೆ ಆ ಬೋಧನೆಯ 30ರ ಒಳಗೆ ಇಣುಕಿ ನೋಡಿದೆ. ಮುಖ್ಯವಾಗಿ ಇರೋದು ಇಷ್ಟು: ವಿದ್ಯಾರ್ಥಿಗಳ ಸಂಖ್ಯೆ ಎಷ್ಟು, ಎಷ್ಟು ಮಕ್ಕಳಿಗೆ ಒಬ್ಬ ಮೇಷ್ಟ್ರು, ಎಷ್ಟು ಮೇಷ್ಟ್ರಿಗೆ ಪಿಎಚ್‌ಡಿ ಇದೆ, ಎಷ್ಟು ವರ್ಷದ ಅನುಭವ ಇದೆ, ಸಂಸ್ಥೆ ಎಷ್ಟು ದುಡ್ಡು ಖರ್ಚು ಮಾಡಿದೆ. ಅಡುಗೆಮನೆಯಲ್ಲಿ ಎಷ್ಟು ಪಾತ್ರೆ ಇದೆ, ಎಷ್ಟು ಜನ ಅಡುಗೆಯವರಿದ್ದಾರೆ, ದಿನಸಿಗೆ ಎಷ್ಟು ಖರ್ಚಾಯ್ತು ಅಂತ ಎಣಿಸಿ, ಊಟ ಚೆನ್ನಾಗಿತ್ತು ಅಂತ ಸರ್ಟಿಫಿಕೇಟ್ ಕೊಟ್ಟ ಹಾಗಾಯ್ತು. ಒಂದು ತುತ್ತು ಬಾಯಿಗೆ ಇಟ್ಟು ನೋಡಿದವರಿಲ್ಲ.

ಈಗ ಕೇಳಿ. ಯಾವುದಕ್ಕೆ ಅಂಕ ಕೊಡ್ತೀರೋ ಜನ ಅದನ್ನೇ ಮಾಡ್ತಾರೆ. ಪೇಪರ್‌ಗೆ ಅಂಕ ಅಂದಿರಿ. ಪೇಪರ್ ಅಂಗಡಿಗಳು ಹುಟ್ಟಿಕೊಂಡವು. ದುಡ್ಡು ಕೊಟ್ಟರೆ ಲೇಖನ ಅಚ್ಚು ಹಾಕೋ ಜರ್ನಲ್‌ಗಳು. ಒಬ್ಬ ಯುವ ಮೇಷ್ಟ್ರು ತಮ್ಮ ಫೋನಿಗೆ ಬಂದಿದ್ದ ಒಂದು ವಾಟ್ಸಾಪ್ ಮೆಸೇಜ್ ನನಗೆ ತೋರಿಸಿದರು. ನಾಲ್ಕು ದಿನದಲ್ಲಿ ಪ್ರಕಟಣೆ, ಅಂತಾರಾಷ್ಟ್ರೀಯ ಜರ್ನಲ್, ಸರ್ಟಿಫಿಕೇಟ್ ಉಚಿತ, ಇಬ್ಬರು ಸಹಲೇಖಕರಿಗೆ ರಿಯಾಯಿತಿ. ನಗಬೇಡಿ. ಆ ಹುಡುಗನ ಅನ್ನ ಆ ಸರ್ಟಿಫಿಕೇಟ್ ಮೇಲೆ ನಿಂತಿದೆ.

ಇದು ಯುಜಿಸಿಗೆ ಗೊತ್ತಿರಲಿಲ್ಲ ಅಂತ ಅಲ್ಲ. ತಾನೇ ಒಪ್ಪಿದ ಜರ್ನಲ್‌ಗಳ ಪಟ್ಟಿಯಿಂದ 2018ರ ಮೇ ತಿಂಗಳಲ್ಲಿ ಯುಜಿಸಿ 4,305 ಜರ್ನಲ್‌ಗಳನ್ನು ಕಿತ್ತುಹಾಕಿತು. ಒಂದೇ ಏಟಿಗೆ ನಾಲ್ಕು ಸಾವಿರದ ಮುನ್ನೂರ ಐದು! ಅದೇ ವರ್ಷ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ, ವಿಶ್ವವಿದ್ಯಾಲಯಗಳೇ ಶಿಫಾರಸು ಮಾಡಿ ಆ ಪಟ್ಟಿಗೆ ಸೇರಿಸಿದ್ದ ಜರ್ನಲ್‌ಗಳನ್ನು ಪರಿಶೀಲಿಸಿ, ಅವುಗಳಲ್ಲಿ ಬಹುಪಾಲು ಕಳಪೆ ಅಂತ ಹೇಳಿತು. ಆಮೇಲೆ ಕೇರ್ ಅಂತ ಹೊಸ ಪಟ್ಟಿ ಬಂತು. 2025ರ ಫೆಬ್ರವರಿಯಲ್ಲಿ ಅದನ್ನೂ ಯುಜಿಸಿ ಕೈಬಿಟ್ಟಿತು. ಪಟ್ಟಿ ಬಂತು, ಪಟ್ಟಿ ಹೋಯ್ತು. ಪೇಪರ್ ಎಣಿಸೋ ಚಾಳಿ ಮಾತ್ರ ಹೋಗಲಿಲ್ಲ.

ಇದರಿಂದ ನಷ್ಟ ಯಾರಿಗೆ? ಪಾಠಕ್ಕೂ ನಷ್ಟ, ನಿಜವಾದ ಸಂಶೋಧನೆಗೂ ನಷ್ಟ. ಐದು ವರ್ಷ ಊರೂರು ಅಲೆದು ಒಂದೇ ಒಂದು ಗಟ್ಟಿ ಲೇಖನ ಬರೆದವರ ಎದುರಿಗೆ, ತಿಂಗಳಿಗೊಂದು ಅಚ್ಚು ಹಾಕಿಸಿದವರು ಗೆದ್ದುಬಿಡ್ತಾರೆ. ಆದ್ದರಿಂದ ನಾನು ಸಂಶೋಧನೆ ಬೇಡ ಅಂತಿದ್ದೀನಿ ಅಂತ ಯಾರೂ ಅಂದುಕೊಳ್ಳಬೇಡಿ. ಓದೋದನ್ನು, ಹುಡುಕೋದನ್ನು ನಿಲ್ಲಿಸಿದ ಮೇಷ್ಟ್ರ ಪಾಠ ಹಳಸಿದ ಅನ್ನ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಇಡೀ ದೇಶದ ಸಂಶೋಧನೆಗೆ ದೊಡ್ಡ ಹೆಸರು, ಪಿಯುಸಿ ಮುಗಿಸಿದ ಮಕ್ಕಳಿಗೆ 2011ರಲ್ಲಿ ನಾಲ್ಕು ವರ್ಷದ ಪದವಿ ಶುರು ಮಾಡಿತು. ಪ್ರಯೋಗಾಲಯದಲ್ಲಿ ಇರೋರೇ ಕ್ಲಾಸಿಗೂ ಬರಬೇಕು, ಚಿಕ್ಕ ವಯಸ್ಸಿನ ಮಕ್ಕಳು ಅವರ ಹತ್ತಿರವೇ ಕಲೀಬೇಕು. ಸಂಶೋಧನೆ ಮತ್ತು ಪಾಠ ಒಂದೇ ಗಾಡಿಯ ಎರಡು ಚಕ್ರ. ಒಂದು ಚಕ್ರಕ್ಕೆ ಮಾತ್ರ ಎಣ್ಣೆ ಬಿಡ್ತಾ ಇದ್ದೀರಲ್ಲ ಅನ್ನೋದು ನನ್ನ ತಕರಾರು.

ಗಾಡಿ ಅಂದಾಗ ನೆನಪಾಯ್ತು. ಇವತ್ತು ಯಾರ ಹುಟ್ಟುಹಬ್ಬ? ಡಾ. ಎಸ್. ರಾಧಾಕೃಷ್ಣನ್ ಅವರದ್ದು. 1918ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿಗೆ ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. 1921ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಹೊರಟು ನಿಂತಾಗ ವಿದ್ಯಾರ್ಥಿಗಳು ಗಾಡಿಗೆ ಕಟ್ಟಿದ್ದ ಕುದುರೆ ಬಿಚ್ಚಿ, ತಾವೇ ಎಳೆದುಕೊಂಡು ರೈಲ್ವೆ ಸ್ಟೇಷನ್ನಿಗೆ ಹೋದರು ಅನ್ನೋದು ಮೈಸೂರಿನಲ್ಲಿ ಎಲ್ಲರಿಗೂ ಗೊತ್ತಿರೋ ಕಥೆ. ಮೈಸೂರಿನಲ್ಲಿದ್ದ ಆ ಮೂರು ವರ್ಷದಲ್ಲಿ ಅವರು ಪುಸ್ತಕ ಬರೆಯಲಿಲ್ವಾ? ಬರೆದರು. ರವೀಂದ್ರನಾಥ ಟ್ಯಾಗೋರರ ತತ್ವಶಾಸ್ತ್ರದ ಬಗ್ಗೆ ಬರೆದರು, ಸಮಕಾಲೀನ ತತ್ವಶಾಸ್ತ್ರದಲ್ಲಿ ಧರ್ಮದ ಪ್ರಭಾವದ ಬಗ್ಗೆ ಬರೆದರು. ಆ ಪುಸ್ತಕಗಳು ಅವರನ್ನು ಕಲ್ಕತ್ತಾಗೆ, ಆಕ್ಸ್‌ಫರ್ಡ್‌ಗೆ ಕರೆದುಕೊಂಡು ಹೋದವು. ಆದರೆ ಗಾಡಿ ಎಳೆದ ಹುಡುಗರು ಪುಸ್ತಕದ ಪಟ್ಟಿ ನೋಡಿ ಎಳೀಲಿಲ್ಲ. ಪಾಠ ಕೇಳಿ ಎಳೆದರು.

ಅದೇ ಮೈಸೂರಿನ ಇನ್ನೊಬ್ಬ ಮೇಷ್ಟ್ರು ಟಿ.ಎಸ್. ವೆಂಕಣ್ಣಯ್ಯ. ಚಿತ್ರದುರ್ಗ ಜಿಲ್ಲೆಯ ತಳುಕಿನವರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಅವರು ತಮ್ಮ ಹೆಸರಿನಲ್ಲಿ ಬರೆದದ್ದು ಕಡಿಮೆ. ಬೆಳೆಸಿದ್ದು ಮಾತ್ರ ಒಂದು ತಲೆಮಾರನ್ನೇ. ಅವರ ಶಿಷ್ಯರಲ್ಲಿ ಒಬ್ಬರು ಕುವೆಂಪು. ವೆಂಕಣ್ಣಯ್ಯನವರು ತೀರಿಕೊಂಡದ್ದು 1939ರಲ್ಲಿ. ಆಮೇಲೆ ಎಷ್ಟೋ ವರ್ಷಕ್ಕೆ ಪೂರ್ತಿಯಾದ ಶ್ರೀ ರಾಮಾಯಣ ದರ್ಶನಂ ಮಹಾಕಾವ್ಯವನ್ನು ಕುವೆಂಪು ಅರ್ಪಿಸಿದ್ದು ಆ ಗುರುವಿಗೆ. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದುಕೊಟ್ಟ ಕಾವ್ಯ ಅದು.

ಈಗ ಒಂದು ಲೆಕ್ಕ ಮಾಡಿ. ವೆಂಕಣ್ಣಯ್ಯನವರು ಇವತ್ತು ಪ್ರೊಫೆಸರ್ ಹುದ್ದೆಗೆ ಅರ್ಜಿ ಹಾಕಿದರೆ, ಅವರ ರಿಸರ್ಚ್ ಸ್ಕೋರ್ ಎಷ್ಟು? ಶಿಷ್ಯ ಕುವೆಂಪು ಆಗಿದ್ದಕ್ಕೆ ಗುರುವಿಗೆ ಎಷ್ಟು ಅಂಕ? ಆ ಪಟ್ಟಿಯಲ್ಲಿ ಅದಕ್ಕೆ ಜಾಗ ಇಲ್ಲ.

ಪಾಠಕ್ಕೆ ಬೆಲೆ ಇಲ್ಲ ಅಂದಮೇಲೆ ಪಾಠ ಮಾಡೋರಿಗೆ ಬೆಲೆ ಇರುತ್ತಾ? ನಮ್ಮ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಿಗೆ ಹೋಗಿ ನೋಡಿ. ಎಷ್ಟೋ ಕಾಲೇಜುಗಳಲ್ಲಿ ಕ್ಲಾಸ್ ನಡೀತಿರೋದೇ ಅತಿಥಿ ಉಪನ್ಯಾಸಕರಿಂದ. ಅತಿಥಿ! ನಮ್ಮ ಮನೆಗೆ ಅತಿಥಿ ಬಂದರೆ ಕೈಕಾಲು ತೊಳೆಯೋಕೆ ನೀರು ಕೊಟ್ಟು, ಊಟಕ್ಕೆ ಕೂರಿಸ್ತೀವಿ. ಇಲ್ಲಿ ಅತಿಥಿಯೇ ಒಲೆ ಹಚ್ಚಬೇಕು, ಅತಿಥಿಯೇ ಬಡಿಸಬೇಕು, ಅತಿಥಿಯೇ ಎಲೆ ಎತ್ತಬೇಕು. ವರ್ಷದ ಕೊನೆಗೆ ಮನೆಯಿಂದ ಹೊರಗೆ ನಿಲ್ಲಬೇಕು.

2021ರ ಡಿಸೆಂಬರ್‌ನಲ್ಲಿ ಅವರು ಬೀದಿಗೆ ಇಳಿದಿದ್ದು ನಿಮಗೆ ನೆನಪಿರಬಹುದು. ಆಗ ಅವರ ತಿಂಗಳ ಗೌರವಧನ ಎಷ್ಟಿತ್ತು? ಯುಜಿಸಿ ಅರ್ಹತೆ ಇದ್ದವರಿಗೆ 13,000 ರೂಪಾಯಿ. ಇಲ್ಲದವರಿಗೆ 11,000. 2022ರ ಜನವರಿಯಲ್ಲಿ ಸರ್ಕಾರ ಅದನ್ನು ಅರ್ಹತೆ ಮತ್ತು ಸೇವಾವಧಿ ನೋಡಿ 26,000ದಿಂದ 32,000ದವರೆಗೆ ಏರಿಸಿತು. ಅದು ಒಳ್ಳೆ ಕೆಲಸ, ಒಪ್ಪಿಕೊಳ್ಳೋಣ. ಜೊತೆಗೆ ವಾರಕ್ಕೆ 15 ಗಂಟೆ ಪಾಠ ಅಂತ ಮಾಡಿತು. ಒಬ್ಬರಿಗೆ ಗಂಟೆ ಹೆಚ್ಚಾದರೆ ಇನ್ನೊಬ್ಬರಿಗೆ ಕೆಲಸ ಇಲ್ಲ. ಆ ಗೋಳು ಬೇರೆ.

ನನಗೆ ವಾಟ್ಸಾಪ್ ಮೆಸೇಜ್ ತೋರಿಸಿದ ಆ ಯುವಕನೂ ಅತಿಥಿ ಉಪನ್ಯಾಸಕನೇ. ಆತ ಹೇಳಿದ ಮಾತು ಕೇಳಿ. "ಸರ್, ನಾನು ಕ್ಲಾಸಿಗೆ ಚೆನ್ನಾಗಿ ತಯಾರಿ ಮಾಡಿಕೊಂಡು ಹೋದರೆ ನನಗೆ ನಷ್ಟ. ಆ ಟೈಮಲ್ಲಿ ಒಂದು ಪೇಪರ್ ಬರೀಬಹುದಿತ್ತು. ಪೇಪರ್ ಇದ್ದರೆ ಎಲ್ಲಾದರೂ ಪರ್ಮನೆಂಟ್ ಕೆಲಸ ಸಿಗಬಹುದು. ಪಾಠ ನಂಬಿಕೊಂಡರೆ ಮುಂದಿನ ವರ್ಷ ಈ ಕೆಲಸವೂ ಇರಲ್ಲ." ಹಾಗಿದ್ದರೂ ಆತ ತಯಾರಿ ಮಾಡಿಕೊಂಡೇ ಹೋಗ್ತಾನೆ. ಯಾಕಪ್ಪಾ ಅಂದೆ. "ಎದುರಿಗೆ ಕೂತಿರೋ ಮಕ್ಕಳ ಮುಖ ನೋಡಬೇಕಲ್ಲ ಸರ್" ಅಂದ.

ವೀಕ್ಷಕರೇ, ನಮ್ಮ ಉನ್ನತ ಶಿಕ್ಷಣ ಇವತ್ತು ನಿಂತಿರೋದು ಆ ಒಂದು ಮಾತಿನ ಮೇಲೆ. ಯುಜಿಸಿ ನಿಯಮದ ಮೇಲಲ್ಲ.

ಇದು ನಮ್ಮ ದೇಶದ ಕಾಯಿಲೆ ಮಾತ್ರ ಅಲ್ಲ. ಅಮೆರಿಕದಲ್ಲಿ ಅರ್ನೆಸ್ಟ್ ಬೋಯರ್ ಅನ್ನೋ ಶಿಕ್ಷಣ ತಜ್ಞರು 1990ರಲ್ಲೇ ಒಂದು ವರದಿ ಬರೆದರು. ವಿದ್ವತ್ತು ಅಂದರೆ ಹೊಸದನ್ನು ಕಂಡುಹಿಡಿಯೋದು ಮಾತ್ರ ಅಲ್ಲ, ಅದನ್ನು ಬೇರೆ ವಿಷಯಗಳ ಜೊತೆ ಬೆಸೆಯೋದು, ಬಳಕೆಗೆ ತರೋದು, ಕಲಿಸೋದು, ಇವೂ ವಿದ್ವತ್ತೇ ಅಂದರು. ಬ್ರಿಟನ್ನಿನಲ್ಲಿ ಸಂಶೋಧನೆಯನ್ನು ಅಳೆಯೋಕೆ ಶುರು ಮಾಡಿದ್ದು 1986ರಲ್ಲಿ. ಬೋಧನೆಗೆ ಚಿನ್ನ, ಬೆಳ್ಳಿ, ಕಂಚು ಅಂತ ದರ್ಜೆ ಕೊಟ್ಟದ್ದು 2017ರಲ್ಲಿ. ನಡುವೆ ಮೂವತ್ತೊಂದು ವರ್ಷ! ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ 'ಪ್ರೊಫೆಸರ್ ಆಫ್ ಟೀಚಿಂಗ್' ಅಂತಲೇ ಒಂದು ಹುದ್ದೆ ಇದೆ. ಪಾಠದಲ್ಲಿ, ಪಾಠ ಹೇಳೋ ಕ್ರಮದಲ್ಲಿ ಸಾಧನೆ ಮಾಡಿದವರು ಆ ದಾರಿಯಲ್ಲೇ ಮೇಲೆ ಹೋಗಬಹುದು.

ನಮ್ಮಲ್ಲಿ ಏನೂ ಆಗಲಿಲ್ಲ ಅಂತ ಹೇಳಿದರೆ ಅನ್ಯಾಯ ಆಗುತ್ತೆ. 2025ರ ಜನವರಿಯಲ್ಲಿ ಯುಜಿಸಿ ಒಂದು ಕರಡು ನಿಯಮ ಹೊರಡಿಸಿತು. ಬಡ್ತಿಗೆ ಮತ್ತು ನೇಮಕಾತಿಗೆ ಒಂಬತ್ತು ಬಗೆಯ ಗಮನಾರ್ಹ ಕೊಡುಗೆಗಳನ್ನು ಪಟ್ಟಿ ಮಾಡಿತು. ಅವುಗಳಲ್ಲಿ ಒಂದು, ಬೋಧನೆಯಲ್ಲಿ ಹೊಸತನ. ಇನ್ನೊಂದು, ಭಾರತೀಯ ಭಾಷೆಗಳಲ್ಲಿ ಬೋಧನೆ. ನಮ್ಮ ಕನ್ನಡದಲ್ಲಿ ಪಾಠ ಮಾಡೋ ಮೇಷ್ಟ್ರಿಗೆ ಇದು ಎಷ್ಟು ದೊಡ್ಡ ವಿಷಯ ಯೋಚನೆ ಮಾಡಿ. ಅದರ ಬಗ್ಗೆ ಚರ್ಚೆ ಆಯ್ತಾ? ಇಲ್ಲ. ಇಡೀ ದೇಶದಲ್ಲಿ ಗಲಾಟೆ ಆಗಿದ್ದು ಕುಲಪತಿಯನ್ನು ಯಾರು ನೇಮಿಸಬೇಕು, ರಾಜ್ಯಪಾಲರೋ, ರಾಜ್ಯ ಸರ್ಕಾರವೋ ಅನ್ನೋದರ ಬಗ್ಗೆ. ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಹಲವು ರಾಜ್ಯಗಳ ಉನ್ನತ ಶಿಕ್ಷಣ ಸಚಿವರು ಸೇರಿ ಆ ಕರಡನ್ನು ವಿರೋಧಿಸಿದರು. ಒಕ್ಕೂಟ ವ್ಯವಸ್ಥೆಯ ದೃಷ್ಟಿಯಿಂದ ಅದು ಕೇಳಬೇಕಾದ ಪ್ರಶ್ನೆಯೇ, ನಾನು ಇಲ್ಲ ಅನ್ನಲ್ಲ. ಆದರೆ ಕುರ್ಚಿಯ ಗದ್ದಲದಲ್ಲಿ ಕ್ಲಾಸ್‌ರೂಮಿನ ಮಾತು ಯಾರ ಕಿವಿಗೂ ಬೀಳಲಿಲ್ಲ.

ಬೇರೆಯವರನ್ನು ಯಾಕೆ ಬೈಯಲಿ? ಇದೇ ಸ್ಟುಡಿಯೋದಲ್ಲಿ ನಾನು ಆ ಕರಡಿನ ಬಗ್ಗೆ ಡಿಬೇಟ್ ಮಾಡಿದ್ದೀನಿ. ಎರಡು ಪಕ್ಷದ ವಕ್ತಾರರನ್ನು ಕೂರಿಸಿ ಕುಲಪತಿ ನೇಮಕದ ಬಗ್ಗೆ ಕೂಗಾಡಿಸಿದ್ದೀನಿ. ಪಾಠಕ್ಕೊಂದು ಕಾಲಂ ಬರ್ತಾ ಇದೆ, ಅದು ಸರಿಯಾಗಿದೆಯಾ, ಅದನ್ನು ಅಳೆಯೋದು ಹೇಗೆ ಅಂತ ಒಂದು ನಿಮಿಷವೂ ಕೇಳಲಿಲ್ಲ. ಒಬ್ಬ ಮೇಷ್ಟ್ರನ್ನೂ ಕರೀಲಿಲ್ಲ. ನನ್ನ ಮೇಷ್ಟ್ರು ಅದನ್ನು ನೋಡಿದ್ದರಂತೆ. "ಜೋರಾಗಿ ಕೂಗಾಡಿದೆಯಪ್ಪ" ಅಂತ ಮಾತ್ರ ಅಂದರು. ತಪ್ಪು ನನ್ನದು, ಇವತ್ತು ಒಪ್ಪಿಕೊಳ್ತಾ ಇದ್ದೀನಿ.

ಹಾಗಾದರೆ ಪಾಠವನ್ನು ಅಳೆಯೋದು ಹೇಗೆ? ಇದು ಕಷ್ಟದ ಪ್ರಶ್ನೆ ಅಂತ ನನಗೂ ಗೊತ್ತು. ಪೇಪರ್ ಎಣಿಸೋದು ಸುಲಭ, ಗುಮಾಸ್ತರೂ ಎಣಿಸಬಹುದು. ಪಾಠ ಎಣಿಸೋಕಾಗಲ್ಲ. ವಿದ್ಯಾರ್ಥಿಗಳ ಅಭಿಪ್ರಾಯ ಮಾತ್ರ ಕೇಳಿದರೆ, ಮಾರ್ಕ್ಸ್ ಧಾರಾಳವಾಗಿ ಕೊಟ್ಟವರೇ ಒಳ್ಳೆ ಮೇಷ್ಟ್ರು ಆಗಿಬಿಡಬಹುದು. ಕಟ್ಟುನಿಟ್ಟಿನವರು ಕೆಟ್ಟವರಾಗಬಹುದು. ರಿಸಲ್ಟ್ ನೋಡಿದರೆ, ಪ್ರಶ್ನೆಪತ್ರಿಕೆ ಅವರದ್ದೇ, ಮೌಲ್ಯಮಾಪನವೂ ಅವರದ್ದೇ. ಆದರೆ ಕಷ್ಟ ಅಂತ ಬಿಟ್ಟುಬಿಡೋಕಾಗುತ್ತಾ? ಸಂಗೀತ ಕಛೇರಿಯನ್ನು ತಕ್ಕಡಿಯಲ್ಲಿ ತೂಗೋಕಾಗಲ್ಲ. ಹಾಗಂತ ಯಾರು ಚೆನ್ನಾಗಿ ಹಾಡಿದರು ಅಂತ ನಮಗೆ ಗೊತ್ತಾಗಲ್ವಾ? ಎದುರಿಗೆ ಕೂತು ಕೇಳಬೇಕು, ಅಷ್ಟೇ.

ನನ್ನ ಬೇಡಿಕೆ ನಾಲ್ಕು.

ಒಂದು. ನೇಮಕಾತಿಯಲ್ಲಿ ಅಭ್ಯರ್ಥಿಯಿಂದ ತರಗತಿಯಲ್ಲಿ ಪಾಠ ಮಾಡಿಸಿ ನೋಡಬಹುದು ಅಂತ ಯುಜಿಸಿ ನಿಯಮದಲ್ಲೇ ಅವಕಾಶ ಇದೆ. 'ನೋಡಬಹುದು' ಅನ್ನೋದನ್ನು 'ನೋಡಲೇಬೇಕು' ಅಂತ ಮಾಡಿ. ನಿಜವಾದ ವಿದ್ಯಾರ್ಥಿಗಳ ಮುಂದೆ ಒಂದು ಗಂಟೆ ಪಾಠ ಆಗಲಿ. ಅದಕ್ಕೂ ಅಂಕ ಇರಲಿ.

ಎರಡು. ಬಡ್ತಿಗೆ ಪೇಪರ್ ಫೈಲ್ ತರಿಸಿಕೊಳ್ತೀರಲ್ಲ, ಪಾಠದ ಫೈಲನ್ನೂ ತರಿಸಿಕೊಳ್ಳಿ. ಈ ಮೇಷ್ಟ್ರು ಎಂಥ ಪ್ರಶ್ನೆಪತ್ರಿಕೆ ತೆಗೆದಿದ್ದಾರೆ, ಎಂಥ ಅಸೈನ್‌ಮೆಂಟ್ ಕೊಟ್ಟಿದ್ದಾರೆ, ಅದನ್ನು ಹೇಗೆ ತಿದ್ದಿದ್ದಾರೆ, ಪಠ್ಯವನ್ನು ವರ್ಷದಿಂದ ವರ್ಷಕ್ಕೆ ಬದಲಾಯಿಸಿದ್ದಾರಾ? ಬೇರೆ ವಿಶ್ವವಿದ್ಯಾಲಯದ ಅದೇ ವಿಷಯದ ಇಬ್ಬರು ಹಿರಿಯರು ಅದನ್ನು ಓದಿ, ಹೇಳದೆ ಕೇಳದೆ ಒಂದು ದಿನ ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು, ವರದಿ ಕೊಡಲಿ.

ಮೂರು. ಹಳೇ ವಿದ್ಯಾರ್ಥಿಗಳನ್ನು ಕೇಳಿ. ಓದ್ತಾ ಇರೋರನ್ನಲ್ಲ, ಓದಿ ಐದು ವರ್ಷ ಆದವರನ್ನು. ಮಾರ್ಕ್ಸಿನ ಭಯವೂ ಇಲ್ಲ, ಆಸೆಯೂ ಇಲ್ಲ. ಯಾವ ಪಾಠ ಉಳೀತು ಅಂತ ಅವರಿಗೇ ಗೊತ್ತು.

ನಾಲ್ಕು. ಖಾಲಿ ಹುದ್ದೆ ತುಂಬಿ. ವರ್ಷ ವರ್ಷ ಮನೆ ಬದಲಾಯಿಸೋ ಅತಿಥಿಯಿಂದ ಇಪ್ಪತ್ತು ವರ್ಷದ ಬೆಳೆ ನಿರೀಕ್ಷೆ ಮಾಡಬೇಡಿ.

ಇನ್ನು ತಂದೆ ತಾಯಿಗಳಿಗೆ ಒಂದು ಮಾತು. ಮಗಳನ್ನೋ ಮಗನನ್ನೋ ವಿಶ್ವವಿದ್ಯಾಲಯಕ್ಕೆ, ಕಾಲೇಜಿಗೆ ಸೇರಿಸುವಾಗ ರ‍್ಯಾಂಕ್ ಎಷ್ಟು, ಪ್ಲೇಸ್‌ಮೆಂಟ್ ಎಷ್ಟು, ಕಟ್ಟಡ ಹೇಗಿದೆ, ಎಲ್ಲ ವಿಚಾರಿಸ್ತೀರಿ. ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳಿ. ನನ್ನ ಮಗುವಿಗೆ ಪಾಠ ಮಾಡೋರು ಯಾರು? ಅವರು ಮುಂದಿನ ವರ್ಷ ಇಲ್ಲೇ ಇರ್ತಾರಾ? ನೂರು ಜನ ಇದನ್ನು ಕೇಳಿದರೆ ಆಡಳಿತ ಮಂಡಳಿ ಉತ್ತರ ಹುಡುಕಲೇಬೇಕಾಗುತ್ತೆ.

ಊಟ ಮುಗಿಸಿ ಹೊರಡುವಾಗ ಮೇಷ್ಟ್ರನ್ನು ಕೇಳಿದೆ, ಇನ್ನು ಮುಂದೆ ಏನು ಮಾಡ್ತೀರಿ ಸಾರ್ ಅಂತ. "ಆ ವೀರಗಲ್ಲು ನೆನಪಿದೆಯಾ? ಕೆರೆ ಏರಿ ಅಗಲ ಮಾಡ್ತಾರಂತೆ. ಅದನ್ನು ಎತ್ತಿಸಿ ಊರ ಶಾಲೆ ಅಂಗಳದಲ್ಲಿ ನಿಲ್ಲಿಸಬೇಕು. ಆ ಶಾಲೆ ಹೆಡ್ ಮಾಸ್ಟರ್ ನನ್ನ ಸ್ಟೂಡೆಂಟು, ಪಂಚಾಯ್ತಿ ಹತ್ತಿರ ಮಾತಾಡಿದ್ದಾನೆ. ಭಾನುವಾರ ಮಕ್ಕಳಿಗೆ ಓದೋದು ಹೇಳಿಕೊಡು ಅಂತಾನೆ, ಹೋಗ್ತೀನಿ" ಅಂದರು. ಆಮೇಲೆ, "ನೀನೂ ಬಾ. ಸೀಮೆಸುಣ್ಣ ತಗೊಂಡು ಬಾ" ಅಂದರು.

ನಾನು ಹೋಗ್ತೀನಿ. ನೀವು ಒಂದು ಕೆಲಸ ಮಾಡಿ. ಇವತ್ತು ರಾತ್ರಿ ಮಲಗೋ ಮುಂಚೆ, ನಿಮಗೆ ಪಾಠ ಹೇಳಿದ ಒಬ್ಬ ಮೇಷ್ಟ್ರಿಗೆ, ಒಬ್ಬ ಮೇಡಂಗೆ ಫೋನ್ ಮಾಡಿ. ನಿಮ್ಮ ಇಂಥ ಪಾಠ ನನಗೆ ಇವತ್ತಿಗೂ ನೆನಪಿದೆ ಅಂತ ಹೇಳಿ. ಸರ್ಕಾರದ ಫಾರಂನಲ್ಲಿ ಅದಕ್ಕೊಂದು ಕಾಲಂ ಬರೋವರೆಗೆ, ಅವರಿಗೆ ಸಿಗೋ ಅಂಕ ನಿಮ್ಮ ಆ ಒಂದು ಫೋನು.